ಹದಿನೆಂಟರ ಹರೆಯದ ಪವರ್ ಫಾರ್ವರ್ಡ್: ಐಸ್ ಹಾಕಿಯ ಎಳೆಯ ಆಟಗಾರರನ್ನು ತೂಗಿ ನೋಡುವ ಬಗೆ

2012ರ ಜೂನ್ 11ರ ರಾತ್ರಿ ಲಾಸ್ ಏಂಜಲಿಸ್‌ನ ಸ್ಟೇಪಲ್ಸ್ ಸೆಂಟರ್‌ನಲ್ಲಿ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ನ ಫೈನಲ್‌ನ ಆರನೆಯ ಪಂದ್ಯ ನಡೆಯುತ್ತಿತ್ತು. ಆಟ ಶುರುವಾಗಿ ಹತ್ತು ನಿಮಿಷ ಕಳೆದಿದ್ದರೂ ಯಾರೂ ಗೋಲು ಹೊಡೆದಿರಲಿಲ್ಲ. ಆಗ ನ್ಯೂಜೆರ್ಸಿ ಡೆವಿಲ್ಸ್ ತಂಡದ ಸ್ಟೀವ್ ಬರ್ನಿಯೇ ಅವರು ಲಾಸ್ ಏಂಜಲಿಸ್ ಕಿಂಗ್ಸ್ ತಂಡದ ರಾಬ್ ಸ್ಕುಡೇರಿ ಅವರನ್ನು ಹಿಂದಿನಿಂದ ಗುದ್ದಿ ರಿಂಕಿನ (ಮಂಜುಗಡ್ಡೆಯ ಅಂಗಣದ) ಅಂಚಿನ ಬೋರ್ಡಿಗೆ ಅಪ್ಪಳಿಸಿದರು. ಸ್ಕುಡೇರಿ ಮುಖವೆಲ್ಲ ರಕ್ತವಾಗಿ ಕೆಳಗೆ ಬಿದ್ದರು. ಬರ್ನಿಯೇಗೆ ಐದು ನಿಮಿಷದ ಮೇಜರ್ ಪೆನಾಲ್ಟಿ ಬಿತ್ತು, ಪಂದ್ಯದಿಂದಲೂ ಹೊರಹಾಕಲಾಯಿತು. ಎರಡು ನಿಮಿಷದ ಸಾಮಾನ್ಯ ಪೆನಾಲ್ಟಿಯಾದರೆ ಎದುರಾಳಿ ಒಂದು ಗೋಲು ಹೊಡೆದ ಕೂಡಲೇ ಮುಗಿದುಹೋಗುತ್ತದೆ. ಮೇಜರ್ ಪೆನಾಲ್ಟಿ ಹಾಗಲ್ಲ, ಎಷ್ಟು ಗೋಲು ಬಿದ್ದರೂ ಐದು ನಿಮಿಷ ಪೂರ್ತಿ ಒಬ್ಬ ಆಟಗಾರ ಕಡಿಮೆಯಾಗಿಯೇ ಆಡಬೇಕು. ಆ ಐದು ನಿಮಿಷಗಳಲ್ಲಿ ಕಿಂಗ್ಸ್ ಮೂರು ಗೋಲು ಹೊಡೆಯಿತು. ಮೊದಲನೆಯದು ನಾಯಕ ಡಸ್ಟಿನ್ ಬ್ರೌನ್ ಅವರದು, ಎರಡನೆಯದು ಜೆಫ್ ಕಾರ್ಟರ್ ಅವರದು, ಮೂರನೆಯದು ಟ್ರೆವರ್ ಲೂಯಿಸ್ ಅವರದು. ಪಂದ್ಯ 6-1ರಲ್ಲಿ ಮುಗಿಯಿತು. 1967ರಿಂದ ಆಡುತ್ತಿದ್ದ ಕಿಂಗ್ಸ್ ತಂಡದ ಪರವಾಗಿ ಮೊದಲ ಬಾರಿಗೆ ಕಪ್ ಎತ್ತಿ ಹಿಡಿದವರು ಬ್ರೌನ್.

ಈ ಐದು ನಿಮಿಷಗಳಲ್ಲಿ ಒಂದು ವಿಚಿತ್ರವಿದೆ. 2003ರ ಜೂನ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ನಡೆದ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಎಳೆಯ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ ಸಭೆಯಲ್ಲಿ, ಕಾರ್ಟರ್ 11ನೆಯವರಾಗಿ, ಬ್ರೌನ್ 13ನೆಯವರಾಗಿ, ಬರ್ನಿಯೇ 16ನೆಯವರಾಗಿ ಆಯ್ಕೆಯಾಗಿದ್ದರು. ಅವರಲ್ಲಿ ಬ್ರೌನ್ ಮತ್ತು ಬರ್ನಿಯೇ ಇಬ್ಬರನ್ನೂ ಆರಿಸಿದ್ದು ಪವರ್ ಫಾರ್ವರ್ಡ್ ಎಂಬ ಒಂದೇ ನಿರೀಕ್ಷೆಯಿಂದ. ಒಂಬತ್ತು ವರ್ಷಗಳ ನಂತರ ಒಬ್ಬರು ತಂಡದ ನಾಯಕರಾಗಿದ್ದರೆ, ಇನ್ನೊಬ್ಬರು ತಂಡದಿಂದ ತಂಡಕ್ಕೆ ಅಲೆದು ಕೆಳಗಿನ ಸಾಲಿನಲ್ಲಿ ಕೆಲವು ನಿಮಿಷ ಆಡುವವರಾಗಿದ್ದರು. 2003ರಲ್ಲಿ ಇವರಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿದವರಿಗೆ ಈ ವ್ಯತ್ಯಾಸ ಕಾಣುವಂತಿತ್ತೇ? ಕಾಣಬೇಕಿದ್ದರೆ ಏನನ್ನು ನೋಡಬೇಕಿತ್ತು? ಎಳೆಯ ಪವರ್ ಫಾರ್ವರ್ಡ್‌ಗಳನ್ನು ಹೋಲಿಸುವ ಕೆಲಸದ ಕಷ್ಟವೆಲ್ಲ ಈ ಪ್ರಶ್ನೆಯೊಳಗೇ ಇದೆ.

ಮೊದಲು ಪವರ್ ಫಾರ್ವರ್ಡ್ ಎಂದರೆ ಯಾರು ಎಂಬುದನ್ನು ನೋಡೋಣ. ಕೊಡಗಿನ ಮೈದಾನಗಳಲ್ಲಿ ನಾವು ನೋಡುವ ಹಾಕಿಯಲ್ಲಿ ಎದುರಾಳಿಗೆ ಬೇಕೆಂದೇ ಮೈ ತಾಗಿಸಿದರೆ ಶಿಳ್ಳೆ ಬೀಳುತ್ತದೆ. ಐಸ್ ಹಾಕಿಯಲ್ಲಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಇಟ್ಟುಕೊಂಡವನನ್ನು ಭುಜದಿಂದಲೋ ಸೊಂಟದಿಂದಲೋ ಗುದ್ದುವುದು ಆಟದ ಭಾಗವೇ ಆಗಿದೆ. ಎನ್‌ಎಚ್‌ಎಲ್ ರಿಂಕಿನ ಉದ್ದ 200 ಅಡಿ, ಅಗಲ 85 ಅಡಿ. ಗೋಲಿಯನ್ನು (ಗೋಲ್‌ಕೀಪರ್) ಬಿಟ್ಟರೆ ಒಂದು ಕಡೆಗೆ ಐದು ಜನ, ಅವರಲ್ಲಿ ಇಬ್ಬರು ರಕ್ಷಣೆಗೆ ನಿಲ್ಲುವ ಡಿಫೆನ್ಸ್‌ಮನ್‌ಗಳು, ಮೂವರು ಫಾರ್ವರ್ಡ್‌ಗಳು. ಫಾರ್ವರ್ಡ್‌ಗಳಲ್ಲಿ ಚುರುಕಾದವರು ಬಯಲಿನಲ್ಲಿ ಜಾರಿ ಗೋಲು ಹುಡುಕಿದರೆ, ಪವರ್ ಫಾರ್ವರ್ಡ್ ಇಕ್ಕಟ್ಟಿನಲ್ಲಿ ಹುಡುಕುತ್ತಾನೆ. ಬೋರ್ಡಿನ ಮೂಲೆಯಲ್ಲಿ ಗುದ್ದಾಡಿ ಪಕ್ ಗೆಲ್ಲುವುದು, ಬೆನ್ನ ಮೇಲೆ ಎದುರಾಳಿಯನ್ನು ಹೊತ್ತುಕೊಂಡೇ ಗೋಲಿನತ್ತ ನುಗ್ಗುವುದು, ಗೋಲಿಯ ಕಣ್ಣಿಗೆ ಅಡ್ಡ ನಿಂತು ಪೆಟ್ಟು ತಿನ್ನುವುದು ಅವನ ಕಸುಬು. ಇಷ್ಟನ್ನು ದೊಡ್ಡ ಮೈಯಿನ ಯಾರಾದರೂ ಮಾಡಿಯಾರು. ಇದರ ಜೊತೆಗೆ ಒಂದು ಋತುವಿಗೆ 25-30 ಗೋಲುಗಳನ್ನೂ ಕೊಡುವವನಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಬೋಸ್ಟನ್ ಬ್ರೂಯಿನ್ಸ್‌ನ ಕ್ಯಾಮ್ ನೀಲಿ ಈ ಬಗೆಯ ಆಟಕ್ಕೆ ಮಾದರಿಯಾದವರು. ಮೂರು ಋತುಗಳಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಗೋಲು ಹೊಡೆದ ಅವರ ಗೋಲುಗಳಿಗೆ ಹೆದರಿದಷ್ಟೇ ಎದುರಾಳಿಗಳು ಅವರ ಭುಜಕ್ಕೂ ಹೆದರುತ್ತಿದ್ದರು.

ತಂಡಗಳು ಇಂಥವರನ್ನು ಆರಿಸಬೇಕಾಗಿರುವುದು ಸಾಮಾನ್ಯವಾಗಿ ಹುಡುಗರಿಗೆ ಹದಿನೆಂಟು ವರ್ಷವಾದಾಗ. ಡ್ರಾಫ್ಟ್‌ನಲ್ಲಿ ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರ ಹೆಸರು ಹೇಳುತ್ತ ಹೋಗುತ್ತವೆ, ಒಮ್ಮೆ ಹೇಳಿದ ಹೆಸರು ಬೇರೆ ತಂಡಕ್ಕೆ ಸಿಗುವುದಿಲ್ಲ. ಆದ್ದರಿಂದ ತಂಡಗಳಿಗಾಗಿ ಎಳೆಯ ಆಟಗಾರರನ್ನು ಹುಡುಕಿ ಅಳೆಯುವ ಸ್ಕೌಟ್‌ಗಳ ಕೆಲಸ ಒಬ್ಬ ಹುಡುಗ ಒಳ್ಳೆಯ ಆಟಗಾರನೇ ಎಂದು ಹೇಳುವುದಲ್ಲ, ಈ ಹುಡುಗ ಆ ಹುಡುಗನಿಗಿಂತ ಮುಂದೆ ಒಳ್ಳೆಯವನಾದಾನೇ ಎಂದು ಹೇಳುವುದು.

2003ರ ಡ್ರಾಫ್ಟ್ ಈ ಲೀಗಿನ ಇತಿಹಾಸದಲ್ಲೇ ಅತ್ಯಂತ ಸಮೃದ್ಧವಾದವುಗಳಲ್ಲಿ ಒಂದು, ಮತ್ತು ಅದರಲ್ಲಿ ಈ ಜಾತಿಯ ಆಟಗಾರರು ದಂಡಿಯಾಗಿದ್ದರು. ಐವರನ್ನು ಆರಿಸಿಕೊಳ್ಳೋಣ. ನ್ಯೂಯಾರ್ಕ್ ರೇಂಜರ್ಸ್ 12ನೆಯ ಸರದಿಯಲ್ಲಿ ಆರಿಸಿದ ಹ್ಯೂ ಜೆಸ್ಸಿಮನ್ ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು, ಎತ್ತರ 6 ಅಡಿ 6 ಅಂಗುಲ. 13ನೆಯವರಾದ ಬ್ರೌನ್ ಒಂಟಾರಿಯೋ ಜೂನಿಯರ್ ಲೀಗಿನ ಗ್ವೆಲ್ಫ್ ತಂಡದವರು, ಎತ್ತರ ಆರಡಿಯಷ್ಟೇ. 16ನೆಯವರಾದ ಬರ್ನಿಯೇ ಕ್ವಿಬೆಕ್ ಜೂನಿಯರ್ ಲೀಗಿನಲ್ಲಿ ಮಾಂಕ್ಟನ್ ಪರವಾಗಿ ಆಡುತ್ತಿದ್ದರು. ಅನಾಹೈಮ್ ತಂಡ 19ನೆಯ ಸರದಿಯಲ್ಲಿ ಪಶ್ಚಿಮದ ಜೂನಿಯರ್ ಲೀಗಿನ ಕ್ಯಾಲ್ಗರಿ ಹಿಟ್‌ಮೆನ್ ತಂಡದ ಸೆಂಟರ್ (ನಡುವಿನ ಫಾರ್ವರ್ಡ್) ರಯಾನ್ ಗೆಟ್ಜ್‌ಲಾಫ್ ಅವರನ್ನೂ, 28ನೆಯ ಸರದಿಯಲ್ಲಿ ಒಂಟಾರಿಯೋದ ಲಂಡನ್ ನೈಟ್ಸ್ ತಂಡದ ವಿಂಗರ್ (ಬದಿಯ ಫಾರ್ವರ್ಡ್) ಕೋರಿ ಪೆರಿ ಅವರನ್ನೂ ಆರಿಸಿತು.

ಐಸ್ ಹಾಕಿಯಲ್ಲಿ ಗೋಲು ಹೊಡೆದದ್ದಕ್ಕೂ ಅಸಿಸ್ಟಿಗೂ (ಗೋಲಿಗೆ ದಾರಿ ಮಾಡಿದ ಪಾಸ್) ತಲಾ ಒಂದು ಪಾಯಿಂಟ್. ಡ್ರಾಫ್ಟ್‌ಗೆ ಮುಂಚಿನ 2002-03ರ ಋತುವಿನಲ್ಲಿ ಬರ್ನಿಯೇ 71 ಪಂದ್ಯಗಳಲ್ಲಿ 49 ಗೋಲು ಸಹಿತ 101 ಪಾಯಿಂಟ್ ಗಳಿಸಿದ್ದರು, ಅಂದರೆ ಪಂದ್ಯಕ್ಕೆ 1.42. ಜೆಸ್ಸಿಮನ್ 34 ಪಂದ್ಯಗಳಲ್ಲಿ 47 ಪಾಯಿಂಟ್ ಪಡೆದಿದ್ದರು, ಪಂದ್ಯಕ್ಕೆ 1.38. ಬ್ರೌನ್ 58 ಪಂದ್ಯಗಳಲ್ಲಿ 76, ಪಂದ್ಯಕ್ಕೆ 1.31. ಪೆರಿ 67 ಪಂದ್ಯಗಳಲ್ಲಿ 78, ಪಂದ್ಯಕ್ಕೆ 1.16. ಗೆಟ್ಜ್‌ಲಾಫ್ 70 ಪಂದ್ಯಗಳಲ್ಲಿ 68, ಪಂದ್ಯಕ್ಕೆ ಒಂದಕ್ಕಿಂತಲೂ ಕಡಿಮೆ.

ಈ ಪಟ್ಟಿಯನ್ನು ಈಗ ಬುಡಮೇಲು ಮಾಡಿ ನೋಡಿ. ಗೆಟ್ಜ್‌ಲಾಫ್ ಎನ್‌ಎಚ್‌ಎಲ್‌ನಲ್ಲಿ 1157 ಪಂದ್ಯಗಳನ್ನಾಡಿ 1019 ಪಾಯಿಂಟ್ ಗಳಿಸಿದರು. ಪೆರಿ 2010-11ರಲ್ಲಿ 50 ಗೋಲು ಹೊಡೆದು ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿಯನ್ನು ಗೆದ್ದರು, 400ಕ್ಕೂ ಹೆಚ್ಚು ಗೋಲು ಹೊಡೆದರು. ಬ್ರೌನ್ 1296 ಪಂದ್ಯಗಳಲ್ಲಿ 712 ಪಾಯಿಂಟ್ ಗಳಿಸಿ, ಎರಡು ಕಪ್‌ಗಳ ನಾಯಕರಾಗಿ ನಿವೃತ್ತರಾದರು. ಬರ್ನಿಯೇ 600ಕ್ಕೂ ಹೆಚ್ಚು ಪಂದ್ಯಗಳನ್ನಾಡಿದರೂ ಗೋಲುಗಳು ನೂರರ ಆಸುಪಾಸಿನಲ್ಲೇ ನಿಂತವು. ಜೆಸ್ಸಿಮನ್ ಒಟ್ಟು ಆಡಿದ್ದು ಎರಡೇ ಎರಡು ಪಂದ್ಯ, ಅದೂ ಆಯ್ಕೆ ಮಾಡಿದ ರೇಂಜರ್ಸ್‌ಗಲ್ಲ, 2011ರಲ್ಲಿ ಫ್ಲಾರಿಡಾ ಪರವಾಗಿ, ಪಾಯಿಂಟ್ ಸೊನ್ನೆ. ಅಂದು ಮೇಲಿದ್ದ ಇಬ್ಬರು ತಳಕ್ಕೆ ಇಳಿದಿದ್ದರು, ತಳದ ಇಬ್ಬರು ಮೇಲೇರಿದ್ದರು, ಬ್ರೌನ್ ಮಾತ್ರ ನಡುವೆಯೇ ಉಳಿದಿದ್ದರು. ಕಡಿಮೆ ಅಂಕದವನೇ ಮುಂದೆ ಬರುತ್ತಾನೆ ಎಂದು ಐವರಿಂದ ಸೂತ್ರ ಕಟ್ಟುವುದು ತಪ್ಪಾಗುತ್ತದೆ. ನಾನು ಈ ಐವರನ್ನು ಬೇಕೆಂದೇ ಆರಿಸಿದ್ದೇನೆ ಎಂಬುದನ್ನೂ ಓದುಗರು ಮರೆಯಬಾರದು. ಆದರೆ ಅಂಕಿಗಳನ್ನು ಹಾಗೆಯೇ ಸಾಲಾಗಿ ಇಟ್ಟರೆ ಎಷ್ಟು ಮೋಸಹೋಗಬಹುದು ಎಂಬುದಕ್ಕೆ ಇಷ್ಟು ಸಾಕು.

ಮೋಸದ ಮೂಲ ಬಹುಮಟ್ಟಿಗೆ ಮೈಯಲ್ಲೇ ಇದೆ. ಕೆನಡಾದ ಜೂನಿಯರ್ ಲೀಗುಗಳಲ್ಲಿ ಆಡುವವರು ಹದಿನಾರರಿಂದ ಇಪ್ಪತ್ತರ ನಡುವಿನವರು. ಹದಿನೇಳಕ್ಕೇ ಗಂಡಸಿನ ಮೈ ಬಂದ ಹುಡುಗ ಇನ್ನೂ ಮೀಸೆ ಮೂಡದ ಡಿಫೆನ್ಸ್‌ಮನ್‌ನನ್ನು ಒಂದು ಭುಜದಿಂದ ಸರಿಸಿ ಗೋಲಿನ ಮುಂದೆ ನಿಲ್ಲಬಲ್ಲ. ನಮ್ಮಲ್ಲಿ ಹದಿನಾರರೊಳಗಿನ ಕ್ರಿಕೆಟ್‌ನಲ್ಲಿ ಎಲ್ಲರಿಗಿಂತ ಮುಂಚೆ ಆರಡಿ ಬೆಳೆದ ವೇಗಿ ಚೆಂಡನ್ನು ಬರೀ ನೆಲಕ್ಕೆ ಕುಕ್ಕಿ ವಿಕೆಟ್ ಕೀಳುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಉಳಿದವರೂ ಬೆಳೆದು ನಿಂತಾಗ ಅವನ ಚೆಂಡು ಅವರ ಸೊಂಟದ ಎತ್ತರಕ್ಕೇ ಬರುತ್ತದೆ. ಎನ್‌ಎಚ್‌ಎಲ್‌ನಲ್ಲಿ ಎದುರಿಗಿರುವ ಪ್ರತಿ ಡಿಫೆನ್ಸ್‌ಮನ್ ಪೂರ್ತಿ ಬೆಳೆದ ಗಂಡಸು, ಹಲವರು ಇವನಿಗಿಂತ ದೊಡ್ಡವರು. ಆಗ ಮೈ ಕೊಡುತ್ತಿದ್ದ ಲಾಭ ಮಾಯವಾಗಿ, ಉಳಿದದ್ದೇನು ಎಂಬುದು ಬಯಲಾಗುತ್ತದೆ.

ಹಾಗಾಗಿ ಹೋಲಿಕೆಯ ಮೊದಲ ಹೆಜ್ಜೆ ವಯಸ್ಸನ್ನು ವರ್ಷದಲ್ಲಲ್ಲ, ತಿಂಗಳಲ್ಲಿ ಲೆಕ್ಕ ಹಾಕುವುದು. ಜೆಸ್ಸಿಮನ್ ಹುಟ್ಟಿದ್ದು 1984ರ ಮಾರ್ಚ್‌ನಲ್ಲಿ, ಗೆಟ್ಜ್‌ಲಾಫ್ ಮತ್ತು ಪೆರಿ 1985ರ ಮೇ ತಿಂಗಳಲ್ಲಿ. ಒಂದೇ ಡ್ರಾಫ್ಟ್, ಆದರೆ ನಡುವೆ ಹದಿನಾಲ್ಕು ತಿಂಗಳ ಅಂತರ. ಹದಿನೆಂಟರ ಸುಮಾರಿನಲ್ಲಿ ಹದಿನಾಲ್ಕು ತಿಂಗಳೆಂದರೆ ಮೈಯಲ್ಲೂ ಬಲದಲ್ಲೂ ಸಣ್ಣ ಅಂತರವೇನಲ್ಲ. ಗೆಟ್ಜ್‌ಲಾಫ್ ಅವರ 68 ಪಾಯಿಂಟುಗಳನ್ನು ಜೆಸ್ಸಿಮನ್ ಅವರ 47ರ ಪಕ್ಕದಲ್ಲಿ ಇಡುವ ಮೊದಲು ಈ ಅಂತರವನ್ನು ಕಳೆಯಬೇಕಿತ್ತು. ಎರಡನೆಯ ಹೆಜ್ಜೆ ಲೀಗುಗಳನ್ನು ಸಮಕ್ಕೆ ತರುವುದು. ಕ್ವಿಬೆಕ್ ಜೂನಿಯರ್ ಲೀಗಿನಲ್ಲಿ ಗೋಲುಗಳು ಸುಲಭವಾಗಿ ಬೀಳುತ್ತವೆ ಎಂಬ ಮಾತು ಹಳೆಯದು. ಅಮೆರಿಕದ ಕಾಲೇಜು ಹಾಕಿಯಲ್ಲಿ ಇಪ್ಪತ್ತು ದಾಟಿದವರೂ ಆಡುತ್ತಾರೆ, ಆದರೆ ಪಂದ್ಯಗಳು ಕಡಿಮೆ, ಎದುರಾಳಿಗಳ ಮಟ್ಟ ಒಂದೇ ಸಮ ಇರುವುದಿಲ್ಲ. ಯೂರೋಪಿನ ವೃತ್ತಿಪರ ಲೀಗುಗಳಲ್ಲಿ ಹುಡುಗ ಆಡುವುದು ಗಂಡಸರ ಎದುರು, ಅದೂ ಬೆಂಚಿನ ತುದಿಯಿಂದೆದ್ದು ಹತ್ತು ನಿಮಿಷ. ಪ್ರತಿ ಲೀಗಿನಿಂದ ಎನ್‌ಎಚ್‌ಎಲ್‌ಗೆ ಬಂದವರ ಪಾಯಿಂಟು ಎಷ್ಟು ಪಾಲು ಉಳಿಯಿತು ಎಂದು ಲೆಕ್ಕಹಾಕಿ, ಆ ಗುಣಕದಿಂದ ಹುಡುಗನ ಪಾಯಿಂಟನ್ನು ಗುಣಿಸುವ ಪದ್ಧತಿ ಈಗ ವಿಶ್ಲೇಷಕರಲ್ಲಿ ಬಳಕೆಯಲ್ಲಿದೆ. ಅದು ಉಪಯುಕ್ತವೇ, ಆದರೆ ಪವರ್ ಫಾರ್ವರ್ಡ್ ವಿಷಯದಲ್ಲಿ ಅರ್ಧ ದಾರಿಯವರೆಗೆ ಮಾತ್ರ ಕೈ ಹಿಡಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಗುಣಕಕ್ಕೆ ಪಾಯಿಂಟು ಎಷ್ಟು ಬಂತು ಎಂದು ಗೊತ್ತು, ಹೇಗೆ ಬಂತು ಎಂದು ಗೊತ್ತಿಲ್ಲ.

ಹೇಗೆ ಬಂತು ಎಂಬುದನ್ನು ತಿಳಿಯಲು ಆಟದ ಒಂದು ತುಣುಕನ್ನು ಹತ್ತಿರದಿಂದ ನೋಡಬೇಕು. ತಂಡವೊಂದು ಪಕ್ಕನ್ನು ಎದುರಾಳಿಯ ಮೂಲೆಗೆ ಎಸೆಯುತ್ತದೆ. ಡಿಫೆನ್ಸ್‌ಮನ್ ಅದನ್ನು ತರಲು ಬೆನ್ನು ತಿರುಗಿಸಿ ಓಡುತ್ತಾನೆ, ನಮ್ಮ ಹುಡುಗ ಅವನ ಬೆನ್ನಟ್ಟುತ್ತಾನೆ. ಇಬ್ಬರೂ ಬೋರ್ಡಿಗೆ ಬಡಿಯುತ್ತಾರೆ. ಪ್ರೇಕ್ಷಕರು ನೋಡುವುದೂ ಚಪ್ಪಾಳೆ ತಟ್ಟುವುದೂ ಈ ಸದ್ದಿಗೇ. ಅನುಭವಿ ಸ್ಕೌಟ್ ನೋಡಬೇಕಾದದ್ದು ಸದ್ದಿನ ನಂತರದ ಒಂದೆರಡು ಸೆಕೆಂಡ್. ಗುದ್ದಿದ ಹುಡುಗ ಗುದ್ದಿನ ರಭಸಕ್ಕೆ ತಾನೂ ಆಟದಿಂದ ಆಚೆ ಜಾರಿಹೋದನೇ, ಅಥವಾ ಮೊಣಕಾಲು ಮಡಚಿ, ಸೊಂಟವನ್ನು ಎದುರಾಳಿಗೂ ಪಕ್ಕಿಗೂ ನಡುವೆ ತೂರಿಸಿ ನಿಂತನೇ? ಪಕ್ ಅವನ ಸ್ಕೇಟುಗಳ ನಡುವೆ ಸಿಕ್ಕಿಕೊಂಡಾಗ ಅದನ್ನು ಕಾಲಿನಿಂದ ಸ್ಟಿಕ್ಕಿಗೆ ತಳ್ಳಿಕೊಳ್ಳುವ ನಯ ಇದೆಯೇ? ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಮೂಲೆಗೆ ಬರುವ ಮೊದಲೇ ಒಮ್ಮೆ ಭುಜದ ಮೇಲಿಂದ ಹಿಂದಕ್ಕೆ ನೋಡಿದ್ದನೇ? ನೋಡಿದ್ದವನಿಗೆ ತನ್ನ ಜೊತೆಗಾರ ಎಲ್ಲಿ ಬರುತ್ತಿದ್ದಾನೆ ಎಂಬುದು ಗೊತ್ತಿರುತ್ತದೆ, ಪಕ್ ಸಿಕ್ಕ ಕೂಡಲೇ ಅಲ್ಲಿಗೆ ಕಳಿಸುತ್ತಾನೆ. ನೋಡದವನು ಪಕ್ ಗೆದ್ದ ಮೇಲೆ ತಲೆ ಎತ್ತುತ್ತಾನೆ. ಜೂನಿಯರ್ ಲೀಗಿನಲ್ಲಿ ಅದಕ್ಕೆ ಸಮಯ ಸಿಗುತ್ತದೆ, ಎನ್‌ಎಚ್‌ಎಲ್‌ನಲ್ಲಿ ಅಷ್ಟರಲ್ಲಿ ಎರಡನೆಯ ಡಿಫೆನ್ಸ್‌ಮನ್ ಬಂದು ಕಸಿದಿರುತ್ತಾನೆ. ಗೆಟ್ಜ್‌ಲಾಫ್ ಅವರ 1019 ಪಾಯಿಂಟುಗಳಲ್ಲಿ 737 ಅಸಿಸ್ಟುಗಳು ಎಂಬುದನ್ನು ಇಲ್ಲಿ ನೆನೆಯಬೇಕು. ಅವರ ದೊಡ್ಡ ಮೈ ಎದುರಾಳಿಯನ್ನು ಕೆಡವುವುದಕ್ಕಿಂತ ಹೆಚ್ಚಾಗಿ, ಪಾಸ್ ಕೊಡಲು ಬೇಕಾದ ಇನ್ನೊಂದು ಸೆಕೆಂಡನ್ನು ಸಂಪಾದಿಸಿಕೊಳ್ಳುವ ಸಾಧನವಾಗಿತ್ತು. ಪೆರಿ ಅವರ ಡ್ರಾಫ್ಟ್ ವರ್ಷದ 78 ಪಾಯಿಂಟುಗಳಲ್ಲೂ 53 ಅಸಿಸ್ಟುಗಳಿದ್ದವು. ಬರ್ನಿಯೇ ಅವರ 101ರಲ್ಲಿ ಅರ್ಧದಷ್ಟು ಗೋಲುಗಳೇ. ಮೈಬಲದಿಂದ ಗೋಲು ಕಸಿಯಬಹುದು, ಆದರೆ ಪಾಸ್ ಕಣ್ಣಿಲ್ಲದೆ ಆಗುವುದಿಲ್ಲ. ಹಾಗಾಗಿ ದೊಡ್ಡ ಮೈಯಿನ ಹುಡುಗನೊಬ್ಬನ ಪಟ್ಟಿಯಲ್ಲಿ ಅಸಿಸ್ಟುಗಳು ಹೆಚ್ಚಿದ್ದರೆ ನಾನು ಎರಡನೆಯ ಸಲ ನೋಡುತ್ತೇನೆ.

ಸ್ಕೇಟಿಂಗ್ ವಿಷಯದಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ಉದ್ದಕ್ಕೆ ಜಾರುವ ಗರಿಷ್ಠ ವೇಗ ಒಂದು, ನಿಂತಲ್ಲಿಂದ ಹೊರಡುವ ಮೊದಲ ಮೂರು ಹೆಜ್ಜೆ ಇನ್ನೊಂದು. ಪವರ್ ಫಾರ್ವರ್ಡ್‌ಗೆ ಬೇಕಾದದ್ದು ಎರಡನೆಯದು. ಪೆರಿ ಅವರ ಸ್ಕೇಟಿಂಗ್ ಬಗ್ಗೆ ಮೊದಲಿನಿಂದಲೂ ದೂರಿತ್ತು, ಮೈಯೂ ಆಗ ತೆಳ್ಳಗಿತ್ತು. ಆದರೆ ಗೋಲಿನ ಸುತ್ತಲ ಹತ್ತಡಿಯಲ್ಲಿ ಪಕ್ ಎಲ್ಲಿ ಬೀಳುತ್ತದೆ ಎಂದು ಮೊದಲೇ ತಿಳಿದವನಿಗೆ ಹೋಗಬೇಕಾದ ದೂರವೇ ಕಡಿಮೆ. ಮರು ವರ್ಷ ಅವರು ಜೂನಿಯರ್ ಲೀಗಿನಲ್ಲಿ 113 ಪಾಯಿಂಟ್ ಗಳಿಸಿದರು, 2005ರಲ್ಲಿ ಲಂಡನ್ ತಂಡಕ್ಕೆ ಕೆನಡಾದ ಜೂನಿಯರ್ ಲೀಗುಗಳ ಅತ್ಯುನ್ನತ ಪ್ರಶಸ್ತಿಯಾದ ಮೆಮೋರಿಯಲ್ ಕಪ್ ಗೆಲ್ಲಿಸಿದರು. ಜೆಸ್ಸಿಮನ್ ಅವರಿಗೆ ಅದೃಷ್ಟವೂ ಕೈಕೊಟ್ಟಿತು. ಕಣಕಾಲಿನ ಗಾಯದಿಂದ ಕಾಲೇಜಿನ ಮೂರನೆಯ ಋತುವಿನ ಬಹುಪಾಲು ಕಳೆದುಹೋಯಿತು. ಅವರ ಹೆಸರನ್ನು ಗೇಲಿಗೆ ಬಳಸುವವರು ಇದನ್ನು ಮರೆಯುತ್ತಾರೆ.

ರೇಂಜರ್ಸ್ ಅವರನ್ನು ಆರಿಸಿದ್ದು ಮೂರ್ಖತನದಿಂದಲೂ ಅಲ್ಲ. 2003ರ ಹೊತ್ತಿಗೆ ಎನ್‌ಎಚ್‌ಎಲ್ ಆಟ ಜಡಗಟ್ಟಿತ್ತು. ಮುನ್ನುಗ್ಗುವವನ ಸೊಂಟಕ್ಕೆ ಸ್ಟಿಕ್ ಕೊಕ್ಕೆ ಹಾಕಿ ಎಳೆದರೂ, ದಾರಿಗೆ ಅಡ್ಡ ನಿಂತರೂ ರೆಫರಿಗಳು ಬಹಳ ಸಲ ಸುಮ್ಮನಿರುತ್ತಿದ್ದರು. ಅಂಥ ಆಟದಲ್ಲಿ ಬೆನ್ನ ಮೇಲೆ ಇಬ್ಬರನ್ನು ಎಳೆದುಕೊಂಡು ಹೋಗಬಲ್ಲ ದೈತ್ಯನಿಗೆ ಬೆಲೆ ಬರುವುದು ಸಹಜ. ಆಮೇಲೆ ಮಾಲೀಕರು ಮತ್ತು ಆಟಗಾರರ ನಡುವಿನ ವೇತನದ ಜಗಳದಲ್ಲಿ 2004-05ರ ಋತು ಇಡಿಯಾಗಿ ರದ್ದಾಯಿತು, ಆಟ ಮರಳಿದಾಗ ಕೊಕ್ಕೆ ಹಾಕುವುದನ್ನು ಬಿಗಿಯಾಗಿ ಶಿಕ್ಷಿಸತೊಡಗಿದರು, ಉದ್ದನೆಯ ಪಾಸ್‌ಗಳಿಗೆ ಇದ್ದ ತಡೆಯನ್ನೂ ತೆಗೆದರು. ರಿಂಕ್ ಅಷ್ಟೇ ಇದ್ದರೂ ಜಾಗ ಹೆಚ್ಚಿದಂತಾಯಿತು, ಕಾಲಿನ ಚುರುಕಿಗೆ ಬೆಲೆ ಏರಿತು. 2003ರಲ್ಲಿ ತೂಗಿದವರು ಒಂದು ಆಟಕ್ಕಾಗಿ ತೂಗಿದರು, ಹುಡುಗರು ಇಳಿದದ್ದು ಇನ್ನೊಂದು ಆಟಕ್ಕೆ. ಗೆಟ್ಜ್‌ಲಾಫ್ ಮತ್ತು ಪೆರಿ ಎನ್‌ಎಚ್‌ಎಲ್‌ಗೆ ಕಾಲಿಟ್ಟದ್ದೂ ಆ ಹೊಸ ನಿಯಮಗಳ ಮೊದಲ ಋತುವಿನಲ್ಲೇ. 2007ರಲ್ಲಿ ಇಬ್ಬರೂ ಸ್ಟ್ಯಾನ್ಲಿ ಕಪ್ ಗೆದ್ದಾಗ ಅವರ ಸಾಲಿನಲ್ಲಿದ್ದ ಮೂರನೆಯವರು ಡಸ್ಟಿನ್ ಪೆನ್ನರ್. ಆ ಋತುವಿನಲ್ಲಿ 29 ಗೋಲು ಹೊಡೆದ ಈ ದೊಡ್ಡಾಳನ್ನು ಯಾವ ಡ್ರಾಫ್ಟ್‌ನಲ್ಲೂ ಯಾರೂ ಆರಿಸಿಯೇ ಇರಲಿಲ್ಲ.

ಪೆನ್ನರ್ ಒಬ್ಬರೇ ಅಲ್ಲ. ಈ ಜಾತಿಯ ಆಟಗಾರರು ತಡವಾಗಿ ಮಾಗುತ್ತಾರೆ ಎಂಬುದಕ್ಕೆ ನೀಲಿ ಅವರ ಕತೆಯೇ ಹಳೆಯ ಸಾಕ್ಷಿ. 1983ರಲ್ಲಿ 9ನೆಯವರಾಗಿ ಅವರನ್ನು ಆರಿಸಿದ್ದ ವ್ಯಾಂಕೂವರ್ ತಂಡ ಮೂರು ಋತು ಕಾದು, 1986ರ ಜೂನ್ 6ರಂದು, ಅಂದರೆ ಅವರ ಇಪ್ಪತ್ತೊಂದನೆಯ ಹುಟ್ಟುಹಬ್ಬದ ದಿನವೇ, ಬೋಸ್ಟನ್‌ಗೆ ದಾಟಿಸಿತು. ಸಾಲದೆಂಬಂತೆ ಮರುವರ್ಷದ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆರಿಸುವ ತನ್ನ ಸರದಿಯೊಂದನ್ನೂ ಜೊತೆಗೆ ಕೊಟ್ಟು, ಬ್ಯಾರಿ ಪೆಡರ್ಸನ್ ಅವರನ್ನು ಪಡೆಯಿತು. ಹಿಂದಿನ ಋತುವಿನಲ್ಲಿ 14 ಗೋಲು ಹೊಡೆದಿದ್ದ ನೀಲಿ ಬೋಸ್ಟನ್‌ನ ಮೊದಲ ಋತುವಿನಲ್ಲೇ 36 ಹೊಡೆದರು. ನಮ್ಮ ಕಾಲದಲ್ಲಿ ವಾಷಿಂಗ್ಟನ್‌ನ ಟಾಮ್ ವಿಲ್ಸನ್ ಇದ್ದಾರೆ. 2012ರಲ್ಲಿ 16ನೆಯವರಾಗಿ ಆಯ್ಕೆಯಾದ ಅವರು ಮೊದಲ ಪೂರ್ಣ ಋತುವಿನ 82 ಪಂದ್ಯಗಳಲ್ಲಿ ಹೊಡೆದದ್ದು ಮೂರೇ ಗೋಲು, ಪೆನಾಲ್ಟಿ ನಿಮಿಷಗಳು ಮಾತ್ರ 151. ಅಪಾಯಕಾರಿ ಗುದ್ದಿಗಾಗಿ 2018ರಲ್ಲಿ ಅವರ ಮೇಲೆ 20 ಪಂದ್ಯಗಳ ನಿಷೇಧ ಬಿತ್ತು, ಮೇಲ್ಮನವಿಯಲ್ಲಿ ಅದು 14ಕ್ಕೆ ಇಳಿಯಿತು. ಅದೇ ವಿಲ್ಸನ್ 2024-25ರಲ್ಲಿ 33 ಗೋಲು ಹೊಡೆದರು. ಇಂಥವರನ್ನು ಇಪ್ಪತ್ತರಲ್ಲಿ ಹೋಲಿಸಿ ತೀರ್ಪು ಕೊಡುವುದೆಂದರೆ ಮಾವಿನ ಮಿಡಿಯನ್ನು ಕಚ್ಚಿ ಹಣ್ಣಿನ ರುಚಿ ಹೇಳಿದಂತೆ. ತಡವಾಗಲು ಕಾರಣವಿದೆ. ಚುರುಕಿನ ವಿಂಗರ್ ಚಿಕ್ಕಂದಿನಿಂದಲೂ ದೊಡ್ಡವರ ನಡುವೆ ನುಸುಳಿ ಬದುಕುವುದನ್ನು ಕಲಿತಿರುತ್ತಾನೆ; ದೊಡ್ಡ ಮೈಯವನಿಗೆ ಆ ಅಗತ್ಯವೇ ಬಿದ್ದಿರುವುದಿಲ್ಲ, ತನ್ನಷ್ಟೇ ದೊಡ್ಡವರ ಎದುರು ನಿಂತ ಮೇಲೆಯೇ ಅವನ ಕಲಿಕೆ ಶುರು.

ಈ ಎಲ್ಲವನ್ನೂ ಈಚಿನ ಒಬ್ಬ ಹುಡುಗನ ಮೇಲೆ ಪ್ರಯೋಗಿಸಿ ನೋಡಬಹುದು. 2022ರಲ್ಲಿ ಮಾಂಟ್ರಿಯಲ್ ತಂಡ ಮೊದಲನೆಯ ಆಯ್ಕೆಯಾಗಿ ಕರೆದದ್ದು ಸ್ಲೊವಾಕಿಯಾದ ಯುರಾಯ್ ಸ್ಲಾಫ್‌ಕೊವ್‌ಸ್ಕಿ ಅವರನ್ನು. ಬಹುಕಾಲ ಆ ಜಾಗಕ್ಕೆ ಕೇಳಿಬರುತ್ತಿದ್ದ ಹೆಸರು ಶೇನ್ ರೈಟ್ ಅವರದು. ಫಿನ್ಲೆಂಡಿನ ಲೀಗಿನಲ್ಲಿ ಸ್ಲಾಫ್‌ಕೊವ್‌ಸ್ಕಿ 31 ಪಂದ್ಯಗಳಲ್ಲಿ ಹೊಡೆದಿದ್ದದ್ದು ಐದೇ ಗೋಲು. ಆದರೆ ಹದಿನೇಳರಲ್ಲೇ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಏಳು ಪಂದ್ಯಗಳಲ್ಲಿ ಏಳು ಗೋಲು ಹೊಡೆದು ಸ್ಲೊವಾಕಿಯಾಕ್ಕೆ ಕಂಚು ತಂದಿದ್ದರು. ಏಳು ಪಂದ್ಯಗಳಿಂದ ಏನನ್ನೂ ಹೇಳಲಾಗದು, ಅದು ಅದೃಷ್ಟದ ವಾರವೂ ಆಗಿರಬಹುದು. ಗಮನಿಸಬೇಕಾದದ್ದು ಬೇರೆ: ಅವರ ಸಮವಯಸ್ಕರ ಪಾಯಿಂಟುಗಳು ಹುಡುಗರ ಎದುರು ಬಂದವು, ಇವರ ಅಲ್ಪಸ್ವಲ್ಪ ಪಾಯಿಂಟುಗಳು ಗಂಡಸರ ಎದುರು ಬಂದವು. ಮೊದಲ ಋತುವಿನಲ್ಲಿ ಅವರು 39 ಪಂದ್ಯಗಳಲ್ಲಿ 10 ಪಾಯಿಂಟ್ ಗಳಿಸಿ ಗಾಯದಿಂದ ಹೊರಗುಳಿದಾಗ ಆಯ್ಕೆ ತಪ್ಪಾಯಿತೆಂಬ ಮಾತು ಎದ್ದಿತು, ಮರುವರ್ಷ 20 ಗೋಲು ಸಹಿತ 50 ಪಾಯಿಂಟ್ ಬಂದಾಗ ಅದು ಅಡಗಿತು. ಎರಡೂ ತೀರ್ಪುಗಳು ಅವಸರದವೇ.

ಹೋಲಿಕೆಯಲ್ಲಿ ಕೊನೆಗೆ ಬರುವ, ಆದರೆ ಮೊದಲೇ ಬರಬೇಕಾದ ಒಂದು ಅಂಶ ಸವೆತ. ಈ ಆಟದ ಬೆಲೆಯನ್ನು ಮೈ ತೆರುತ್ತದೆ. ನೀಲಿ ಮೊಣಕಾಲು ಮತ್ತು ಸೊಂಟದ ನೋವಿನಿಂದ 31ಕ್ಕೇ ನಿವೃತ್ತರಾದರು. 2003ರಲ್ಲಿ ಮೂರನೆಯವರಾಗಿ ಆಯ್ಕೆಯಾದ ನೇಥನ್ ಹಾರ್ಟನ್ ಬೋಸ್ಟನ್ ಪರವಾಗಿ 2011ರ ಕಪ್ ಗೆದ್ದರು, ಮೂವತ್ತು ತುಂಬುವ ಮೊದಲೇ ಬೆನ್ನಿನ ತೊಂದರೆಯಿಂದ ಆಟ ನಿಂತಿತು. ಗುದ್ದಿ ಗೆಲ್ಲುವವನ ಋತುಗಳು ಕಡಿಮೆ, ಎಲ್ಲಿ ನಿಲ್ಲಬೇಕೆಂದು ತಿಳಿದು ಗೆಲ್ಲುವವನ ಋತುಗಳು ಹೆಚ್ಚು ಎಂಬ ಅನುಮಾನ ನನಗಿದೆ. ಬ್ರೌನ್ ಸಾವಿರಾರು ಗುದ್ದುಗಳನ್ನು ಕೊಟ್ಟೂ ಹದಿನೆಂಟು ಋತು ಆಡಿದರು, ಅವರು ಈ ಅನುಮಾನಕ್ಕೆ ಅಪವಾದ.

ಪೆರಿ ಅಪವಾದವಲ್ಲ. 2025ರ ಜೂನ್‌ನಲ್ಲಿ ಎಡ್ಮಂಟನ್ ಮತ್ತು ಫ್ಲಾರಿಡಾ ನಡುವಿನ ಫೈನಲ್‌ನ ಎರಡನೆಯ ಪಂದ್ಯದಲ್ಲಿ ಎಡ್ಮಂಟನ್ ಒಂದು ಗೋಲಿನಿಂದ ಹಿಂದಿತ್ತು, ಉಳಿದಿದ್ದದ್ದು ಇಪ್ಪತ್ತು ಸೆಕೆಂಡಿಗೂ ಕಡಿಮೆ. ಹಿಂದಿನ ತಿಂಗಳಷ್ಟೇ ನಲವತ್ತು ತುಂಬಿದ್ದ, ವೇಗ ಸಾಲದೆಂದು ಹದಿನೆಂಟರಲ್ಲೇ ಅನ್ನಿಸಿಕೊಂಡಿದ್ದ, ಆಗ ಎಡ್ಮಂಟನ್ ಪರ ಆಡುತ್ತಿದ್ದ ಪೆರಿ ಗೋಲಿನ ಬಾಯಲ್ಲೇ ನಿಂತಿದ್ದರು. ಪಕ್ ಅಲ್ಲಿಗೇ ಬಂತು, ಅವರು ಒಳಕ್ಕೆ ತಳ್ಳಿದರು. ಎಡ್ಮಂಟನ್ ಆ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ ಸೋತಿತು, ಫೈನಲನ್ನೂ ಸೋತಿತು.